ವನಜಕ್ಕನ ಗುರುತು

ಬಹಳ ಹಿಂದೆ, ಈಗಿನ ಕಂಪ್ಯೂಟರುಗಳ ಅಜ್ಜಂದಿರ ಕಾಲದಲ್ಲಿ, ಒಣಮೆಣಸಿನಕಾಯಿ ಪೇಟೆಯ ಒಂದೂರಿನಲ್ಲಿ ವನಜಕ್ಕ ಅಂತ ಒಬ್ಬಳಿದ್ದಳಂತೆ. ಪೇಟೆಯ ಹರಾಜು ನಡೆಸುವ ಪ್ರೋಗ್ರಾಮು ಅವಳ ಕಚೇರಿಯದು. ಅವಳು ಕೈಯಿಟ್ಟರೆ ಕುಂಟುವ ಯಂತ್ರವೂ ಓಡುತ್ತಿತ್ತಂತೆ. ಫ್ಯಾನಿನ ಸದ್ದು ಕೇಳಿಯೇ ತಪ್ಪು ಹೇಳುತ್ತಿದ್ದಳು ಅಂತಲೂ ಹೇಳುತ್ತಾರೆ. ಹೇಳುವವರ ಬಾಯಿಗೆ ಬಾಗಿಲುಂಟೇ?

ಪ್ರೋಗ್ರಾಮಿನೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ತುಣುಕು, ಅದಕ್ಕೆ ಫಂಕ್ಷನ್ನು ಅಂತ ಹೆಸರು. ಒಂದು ಫಂಕ್ಷನ್ನು ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ಪ್ರತಿಯೊಂದೂ ತನ್ನನ್ನು ಕರೆದವರ ಗುರುತನ್ನು ಸೆರಗಿನ ಗಂಟಿನಲ್ಲಿ ಇಟ್ಟುಕೊಂಡ ಹಾಗೆ ಇಟ್ಟುಕೊಂಡಿರುತ್ತದೆ. ಗಂಟು ಬಿಚ್ಚುತ್ತಾ ಹೋದರೆ ಮೊದಲು ಕರೆದವರು ಸಿಗುತ್ತಾರೆ. ಆ ಗುರುತು ಹೊರಲು ಎಳ್ಳುಕಾಳಿನಷ್ಟು ಹೊತ್ತು ಖರ್ಚು. ವನಜಕ್ಕ ಆ ಗುರುತುಗಳನ್ನೆಲ್ಲ ಕಿತ್ತುಹಾಕಿ ಯಂತ್ರವನ್ನು ಇನ್ನಷ್ಟು ಓಡಿಸಿದಳಂತೆ. ಕಚೇರಿಯ ಸಾಹೇಬರು ಹೊಗಳಿದ್ದೇ ಹೊಗಳಿದ್ದು. ಆಮೇಲೆ ಎಲ್ಲರೂ ಹಾಗೇ ಮಾಡಿದರು.

ಒಂದು ಸುಗ್ಗಿಯಲ್ಲಿ, ಹರಾಜಿನ ನಡುವೆ, ಯಂತ್ರ ಕದಲದೆ ಕೂತುಬಿಟ್ಟಿತಂತೆ. ಪೇಟೆಯೆಲ್ಲ ಬೈಯಿತು. ಸಾಹೇಬರು ತನಿಖೆ ಮಾಡಿಸಿದರು. ಯಂತ್ರದ ಯಜಮಾನ ಕರ್ನೆಲ್ಲು. ಅದು ಆಗಾಗ ಕೆಲಸ ತಡೆದು, ಈಗ ದುಡಿಯುತ್ತಿರುವವರು ಯಾರು, ಅವರನ್ನು ಕರೆದವರು ಯಾರು ಅಂತ ಬರೆದುಕೊಂಡಿತು. ನೋಡಿದಾಗಲೆಲ್ಲ ಸಿಕ್ಕಿದ್ದು ಅದೇ ಕಚೇರಿಯ ಈರಪ್ಪ ಬರೆದ ಫಂಕ್ಷನ್ನು, ಬೆಲೆಗಳನ್ನು ಸಾಲಾಗಿ ಜೋಡಿಸುವಂಥದು. ಅದನ್ನು ಕರೆದವರ ಗುರುತೇ ಇಲ್ಲ. ಅಲ್ಲಿ ಬರೀ 'ಗೊತ್ತಿಲ್ಲ, ಗೊತ್ತಿಲ್ಲ'. ಕೈಗೆ ಸಿಕ್ಕವನೇ ಕಳ್ಳ ಅಂತ ಈರಪ್ಪನನ್ನು ಕೆಲಸದಿಂದ ತೆಗೆದರು.

ವನಜಕ್ಕನಿಗೆ ಅನ್ನ ಇಳಿಯಲಿಲ್ಲವಂತೆ. ಗುರುತು ಕಿತ್ತವಳು ತಾನೇ ಅಲ್ಲವೇ? ಅವಳು ಪ್ರೋಗ್ರಾಮನ್ನೂ ಅದು ನೆಚ್ಚಿಕೊಂಡ ಲೈಬ್ರರಿಗಳನ್ನೂ, ಅಂದರೆ ಬೇರೆಯವರು ಬರೆದಿಟ್ಟ ಫಂಕ್ಷನ್ನುಗಳ ಕಟ್ಟುಗಳನ್ನೂ, ಗುರುತು ಸಮೇತ ಮತ್ತೆ ಕಟ್ಟಿದಳು. ಒಂದನ್ನು ಬಿಟ್ಟರೂ ಗುರುತಿನ ಎಳೆ ಅಲ್ಲೇ ಕಡಿಯುತ್ತಿತ್ತು. ಕರ್ನೆಲ್ಲಿನಿಂದ ಮತ್ತೆ ಬರೆಸಿದಾಗ ಕೊನೆಗೆ ಎಳೆ ಬುಡ ಮುಟ್ಟಿತು. ಬುಡದಲ್ಲಿದ್ದದ್ದು ಸಾಹೇಬರು ಹಟ ಹಿಡಿದು ಹಾಕಿಸಿದ, ಪೇಟೆಗೆಲ್ಲ ಬೆಲೆ ತೋರಿಸುವ ದೊಡ್ಡ ಪರದೆ. ಒಬ್ಬ ಬೆಲೆ ಏರಿಸಿದರೆ ಸಾಕು, ಇಡೀ ಪೇಟೆಯ ಬೆಲೆಗಳನ್ನು ಮೊದಲಿನಿಂದ ಜೋಡಿಸು ಅಂತ ಅದು ಈರಪ್ಪನ ಫಂಕ್ಷನ್ನನ್ನು ಕರೆಯುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದರು.

ಸಾಹೇಬರು ಸದ್ದಿಲ್ಲದೆ ಪರದೆಯನ್ನು ಸರಿಪಡಿಸಿಕೊಂಡರಂತೆ. ಯಂತ್ರ ಓಡಿತು. ಈರಪ್ಪನನ್ನು ವಾಪಸು ಕರೆಯಿರಿ ಅಂತ ವನಜಕ್ಕ ಅಂಗಲಾಚಿದಳು. ಕರೆದರೆ ತಪ್ಪು ಯಾರದಿತ್ತು ಅಂತ ಪೇಟೆ ಕೇಳುತ್ತದೆ, ಆಗುವುದಿಲ್ಲ ಅಂದರಂತೆ.

ಅವಳು ಈರಪ್ಪನ ಮನೆಗೆ ಹೋಗಿ ಎಲ್ಲ ಹೇಳಿದಳು. ಗುರುತು ಕಿತ್ತದ್ದನ್ನೂ ಮುಚ್ಚಿಡಲಿಲ್ಲ. ಅವನು, "ನನಗ್ಯಾಕ ಹೇಳ್ತೀರಿ ಅಕ್ಕಾರ? ನಾ ಮಾಡಿಲ್ಲಂತ ನನಗ ಗೊತ್ತೈತಿ. ಪ್ಯಾಟ್ಯಾಗ ಹೇಳ್ರಿ" ಅಂದನಂತೆ.

ಅವಳು ಪೇಟೆಯ ಅಂಗಡಿ ಅಂಗಡಿ ಹತ್ತಿ ಇಳಿದು ಹೇಳಿದಳಂತೆ. ಗಂಟಲು ಹರಿಯಿತು, ಅಷ್ಟೆ. ಅವ ಹೋದ, ಯಂತ್ರ ಸರಿಹೋಯಿತು, ಇನ್ನೇನು ಸಾಕ್ಷಿ ಬೇಕು ಅಂದರಂತೆ ಜನ.

ಇವತ್ತಿಗೂ ಆ ಊರಲ್ಲಿ ಪ್ರೋಗ್ರಾಮು ಕಟ್ಟುವವರು ಕರೆದವರ ಗುರುತನ್ನು ಕೀಳುವುದಿಲ್ಲ. ಅದಕ್ಕೆ ವನಜಕ್ಕನ ಗುರುತು ಅಂತಲೇ ಹೆಸರು, ಅದನ್ನಿಟ್ಟ ಮೇಲೆ ಕೈಮುಗಿಯುವವರೂ ಇದ್ದಾರೆ. ಯಂತ್ರ ಎಲ್ಲಾದರೂ ನಿಂತರೆ ಮಾತ್ರ, ಅದೇ ಜನ ನಕ್ಕು, "ಒಳಗ ಈರಪ್ಪ ಕುಂತಾನ" ಅನ್ನುತ್ತಾರೆ.