ಬೀಗರ ಪಂಕ್ತಿಯ ವೈಫೈ

ಮಗಳ ನಿಶ್ಚಿತಾರ್ಥದ ದಿನ ತಾಂಬೂಲ ಬದಲಾಯಿಸುವ ಮೊದಲೇ ನನಗೆ ಗ್ರಹಚಾರ ವಕ್ಕರಿಸಿತು. ವರನ ಸೋದರಮಾವ ತಿಪ್ಪೇರುದ್ರಪ್ಪನವರು ವೈಫೈ ಪಾಸ್‌ವರ್ಡ್ ಕೇಳಿದರು. ನಾನು ಅತಿಥಿಗಳ ನೆಟ್‌ವರ್ಕಿನದು ಹೇಳಿದೆ.

"ಹೊರಗಿನವರ ಜೊತೆ ನಮ್ಮನ್ನೂ ಸೇರಿಸ್ತೀರಾ? ಮನೆಯದ್ದೇ ಕೊಡಿ. ಇಲ್ಲಾಂದ್ರೆ ಎದ್ದು ಹೊರಡ್ತೀವಿ!"

ಮನೆಯದ್ದು ಕೊಟ್ಟರೆ ಬಾಗಿಲ ಕ್ಯಾಮೆರಾ, ನನ್ನ ಕಂಪ್ಯೂಟರ್ ಎಲ್ಲಕ್ಕೂ ದಾರಿ ಬಿಟ್ಟಂತೆ ಅಂತ ರೂಟರ್ ಕೂರಿಸಿದವನು ಹೆದರಿಸಿ ಹೋಗಿದ್ದ. ಫೈರ್‌ವಾಲ್, ಎನ್‌ಕ್ರಿಪ್ಷನ್ ಅಂತ ಇನ್ನೂ ಏನೇನೋ ಹೇಳಿದ್ದ. ಒಂದೂ ನನ್ನ ತಲೆಗೆ ಹತ್ತಿರಲಿಲ್ಲ. ಕೊಡಲೋ ಬೇಡವೋ ತಿಳಿಯದೆ ಅಡುಗೆಮನೆಗೆ ಓಡಿದೆ.

ಅಡುಗೆಯ ಸುಗುಣಮ್ಮ ಹಿಂದೆ ಸೈಬರ್ ಸೆಂಟರಿನಲ್ಲಿ ಕೆಲಸ ಮಾಡಿದವಳು. ನನ್ನ ಗೋಳು ಕೇಳಿ, ಕೈ ಒರೆಸಿಕೊಂಡು ನನ್ನ ಮೊಬೈಲ್ ತೆಗೆದುಕೊಂಡಳು. ಮನೆಯ ನೆಟ್‌ವರ್ಕಿಗೆ 'ಅಡುಗೆಯವರು' ಅಂತ ಹೆಸರಿಟ್ಟಳು. ಅತಿಥಿಗಳ ನಿಧಾನದ ನೆಟ್‌ವರ್ಕಿಗೆ 'ಬೀಗರ ಪಂಕ್ತಿ' ಅಂತ ಇಟ್ಟಳು. ನನಗೆ ತಲೆಬುಡ ತಿಳಿಯಲಿಲ್ಲ.

ಅವಳು ನಡುಮನೆಗೆ ಬಂದು, "ಎರಡಿದೆ ಸ್ವಾಮಿ. ನಿಮಗೆ ಯಾವುದು ಬೇಕೋ ಅದರ ಪಾಸ್‌ವರ್ಡ್ ಕೊಡ್ತೀನಿ," ಅಂದಳು.

ತಿಪ್ಪೇರುದ್ರಪ್ಪನವರು ತಮ್ಮ ಮೊಬೈಲ್ ನೋಡಿ ಮೀಸೆ ತಿರುವಿದರು. "ಬೀಗರ ಪಂಕ್ತಿ! ಇದನ್ನ ಮೊದಲೇ ಕೊಡೋಕೆ ಏನಾಗಿತ್ತು?"

ತಾಂಬೂಲ ಆಯಿತು. ಎಲೆ ಹಾಕಿದರು. ಊಟದ ನಡುವೆ ಅವರು ಮೊಬೈಲನ್ನು ಅತ್ತ ಇತ್ತ ತಿರುಗಿಸುತ್ತಾ ಸುಗುಣಮ್ಮನನ್ನು ಕರೆದರು.

"ನಮ್ಮ ವಿಡಿಯೊ ಸುತ್ತುತ್ತಾನೇ ಇದೆ. ಅಡುಗೆಮನೆ ಮೊಬೈಲಲ್ಲಿ ಹಾಡು ಸರಾಗವಾಗಿ ಬರ್ತಿದೆ. ಇದೇನಮ್ಮ, ಬೀಗರದ್ದು ನಿಧಾನ, ಅಡುಗೆಯವರದ್ದು ಜೋರು?"

ಸುಗುಣಮ್ಮ ಅವರ ಹೋಳಿಗೆಗೆ ತುಪ್ಪ ಹಾಕಿದಳು.

"ಬಡಿಸೋರು ಓಡಾಡಲೇಬೇಕಲ್ಲ ಸ್ವಾಮಿ. ಬೀಗರು ಕೂತು ನಿಧಾನವಾಗಿ ಉಣ್ಣಬೇಕು."