ಹೆಣ್ಣು ಕೊಟ್ಟವರಿಗೊಂದು ಹಿತ್ತಿಲ ಬಾಗಿಲು

ದಾವಣಗೆರೆಯಲ್ಲಿ ವಿರೂಪಾಕ್ಷ ಅಂತ ಒಬ್ಬನಿದ್ದ. ಮೀಸೆ ನರೆತರೂ ಆಟದ ಚಟ ಬಿಟ್ಟಿರಲಿಲ್ಲ. ಮನೆಯ ಫ್ರಿಜ್ಜಿನ ಮೇಲೆ ಒಂದು ಕಂಪ್ಯೂಟರ್ ಪೆಟ್ಟಿಗೆ ಕೂರಿಸಿ, ಅದರೊಳಗೆ ಆಟದ ಊರೊಂದನ್ನು ಮಾಡಿದ್ದ. ಅದಕ್ಕೆ ಸರ್ವರ್ ಅನ್ನುತ್ತಾರಂತೆ. ಗೆಳೆಯರೆಲ್ಲ ತಮ್ಮ ತಮ್ಮ ಊರಲ್ಲೇ ಕೂತು, ಇಂಟರ್ನೆಟ್ಟಿನಲ್ಲಿ ಆ ಪೆಟ್ಟಿಗೆಗೆ ಬಂದು ಮನೆ ಕಟ್ಟುವುದೇನು, ಕುರಿ ಸಾಕುವುದೇನು. ಸ್ವಂತ ಮನೆಯ ಸೋರುವ ನಲ್ಲಿ ರಿಪೇರಿ ಮಾಡಿಸದ ಮಹಾರಾಯ ಅಲ್ಲಿ ಕೋಟೆಯನ್ನೇ ಎಬ್ಬಿಸಿದ್ದ.

ಅವನ ಹೆಂಡತಿ ಶಶಿರೇಖಾ ಅದೇ ಇಂಟರ್ನೆಟ್ಟಿನಲ್ಲಿ ಸೀರೆಗೆ ಕುಚ್ಚು ಹಾಕುವ ಕ್ಲಾಸು ನಡೆಸುತ್ತಿದ್ದಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ತವರನ್ನು ಹೊಗಳದ ದಿನ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ.

ಒಮ್ಮೆ ಹರಿಹರದ ತಿಪ್ಪೇಶಿ ಅನ್ನುವ ಆಟಗಾರ ಬೇರೆಯವರ ಮನೆಗಳಿಗೆಲ್ಲ ಬೆಂಕಿ ಇಟ್ಟ. ಆಟದ ಮನೆಗಳೇ ಇರಲಿ, ಕಟ್ಟಿದವರಿಗೆ ಹೊಟ್ಟೆ ಉರಿಯುವುದಿಲ್ಲವೆ? ವಿರೂಪಾಕ್ಷ ಅವನನ್ನು ಆಟದಿಂದ ಹೊರಗೆ ಹಾಕಿದ. ತಿಪ್ಪೇಶಿ ಸುಮ್ಮನಿರುವ ಕುಳವಲ್ಲ. ಪೆಟ್ಟಿಗೆಯ ಇಂಟರ್ನೆಟ್ ವಿಳಾಸ ಅವನಿಗೆ ಗೊತ್ತಿತ್ತು. ಆ ವಿಳಾಸಕ್ಕೆ ಎಲ್ಲೆಲ್ಲಿಂದಲೋ ರಾಶಿ ರಾಶಿ ಸುಳ್ಳು ಸಂದೇಶ ನುಗ್ಗಿಸಿದ. ಕೆಲಸವಿಲ್ಲದವರೆಲ್ಲ ಬಂದು ಬಾಗಿಲು ಬಡಿಯುತ್ತ ನಿಂತರೆ ನಿಜವಾದ ನೆಂಟ ಒಳಗೆ ಬರುವುದು ಹೇಗೆ? ಹಾಗಾಯಿತು. ಆಟ ನಿಂತಿತು, ಮನೆಯ ಇಂಟರ್ನೆಟ್ಟೂ ನಿಂತಿತು. ಗಂಟು ಬಿಗಿಯುವುದನ್ನು ಹೇಳಿಕೊಡುತ್ತಿದ್ದ ಶಶಿರೇಖಾ ಪರದೆಯ ಮೇಲೆ ಬಾಯಿ ತೆರೆದ ಹಾಗೇ ಕಲ್ಲಾದಳು. ಶಿಷ್ಯೆಯರು ಅದರ ಫೋಟೋ ಹಿಡಿದು ಹಂಚಿಕೊಂಡರು ಕೂಡ.

"ಇನ್ನೊಂದು ಸಲ ನನ್ನ ಕ್ಲಾಸು ನಿಂತರೆ ನಿಮ್ಮ ಪೆಟ್ಟಿಗೆ ಗುಜರಿಗೆ," ಎಂದಳು. ಹೇಳಿದರೆ ಮಾಡುವವಳೇ. ಗಂಡನ ಹಳೇ ಬೈಕು ಹೋದದ್ದೂ ಹಾಗೇ.

ವಿರೂಪಾಕ್ಷ ಅಂದೇ ಕೆಲಸಕ್ಕೆ ಇಳಿದ. ಇಂಟರ್ನೆಟ್ ಕೊಡುವವರಿಗೆ ಹೇಳಿ ಆ ವಿಳಾಸವನ್ನೇ ಬದಲಾಯಿಸಿದ. ದೂರದಲ್ಲಿ ಕಾವಲು ಕಾಯುವ ಕಂಪನಿಯೊಂದನ್ನು ಗೊತ್ತುಮಾಡಿದ. ಇನ್ನು ಆಡುವವರೆಲ್ಲ ಮೊದಲು ಆ ಕಾವಲಿನ ಗೇಟಿಗೆ ಹೋಗಬೇಕು. ಸುಳ್ಳು ಸಂದೇಶಗಳನ್ನು ಅಲ್ಲೇ ಸೋಸಿ, ನಿಜವಾದವರನ್ನು ಮಾತ್ರ ಮನೆಗೆ ಕಳಿಸುತ್ತಾರೆ. ಮನೆಯ ಹೊಸ ವಿಳಾಸ ಮಾತ್ರ ಯಾರಿಗೂ ಗೊತ್ತಾಗಬಾರದು, ಗೇಟಿನಿಂದ ಬಂದವರನ್ನು ಬಿಟ್ಟು ಇನ್ಯಾರನ್ನೂ ಒಳಗೆ ಸೇರಿಸಬಾರದು. ತಿಪ್ಪೇಶಿ ಗೇಟಿಗೆ ತಲೆ ಚಚ್ಚಿಕೊಂಡು ಸುಸ್ತಾದ. ಆಟವೂ ನಡೆಯಿತು, ಕುಚ್ಚೂ ನಡೆಯಿತು.

ಆದರೆ ಶಶಿರೇಖಳ ಅಣ್ಣ ಮಹಾರುದ್ರಪ್ಪನೂ ಆ ಆಟ ಆಡುತ್ತಿದ್ದ. ಅವನೂ ಹರಿಹರದವನೇ. ತಂಗಿಯ ಮನೆಗೆ ಬಂದರೆ ಮುಂಬಾಗಿಲಿನಿಂದ ಬಂದವನಲ್ಲ, ಹಿತ್ತಿಲಿನಿಂದ ಸೀದಾ ಅಡುಗೆಮನೆಗೆ. ಗೇಟು ಸುತ್ತಿ ಬಂದರೆ ಆಟ ಒಂಚೂರು ನಿಧಾನವಾಗುತ್ತದೆ ಅಂತ ಅವನು ಫೋನಿನಲ್ಲೇ ಮುಖ ಊದಿಸಿಕೊಂಡ.

"ಹೆಣ್ಣು ಕೊಟ್ಟ ಮನೆಯವನನ್ನ ಗೇಟಲ್ಲಿ ನಿಲ್ಲಿಸ್ತೀರಾ ಭಾವ?"

ಆ ಮಾತಿಗೆ ಯಾವ ಅಳಿಯ ತಾನೇ ಕರಗುವುದಿಲ್ಲ? ವಿರೂಪಾಕ್ಷ ದಾಕ್ಷಿಣ್ಯಕ್ಕೆ ಬಿದ್ದು ಒಂದು ನೇರ ದಾರಿ ತೆರೆದ. ಮನೆಯ ಹೊಸ ವಿಳಾಸ ಕೊಟ್ಟು, ಯಾರಿಗೂ ಹೇಳಬೇಡಿ ಎಂದ. ಮಹಾರುದ್ರಪ್ಪ ಮನೆದೇವರ ಮೇಲೆ ಆಣೆ ಇಟ್ಟ.

ಮದುವೆಯ ಕಾಲ ಬಂತು. ಶಶಿರೇಖಳ ದೊಡ್ಡ ಕ್ಲಾಸು, ಪರದೆಯ ತುಂಬ ಹೆಂಗಸರು. ಸೂಜಿಗೆ ದಾರ ಪೋಣಿಸಿದಳೋ ಇಲ್ಲವೋ, ಎಲ್ಲ ನಿಂತಿತು. ವಿರೂಪಾಕ್ಷ ಫೋನಿನಲ್ಲಿ ಕಾವಲಿನವರನ್ನು ವಿಚಾರಿಸಿದ. ಗೇಟಿನಲ್ಲಿ ಏನೂ ಗದ್ದಲವಿಲ್ಲ ಅಂದರು. ಹಾಗಾದರೆ ಪೀಡೆ ನೇರ ದಾರಿಯಲ್ಲೇ ಬಂದಿದೆ. ಆ ದಾರಿ ಗೊತ್ತಿದ್ದವನು ಒಬ್ಬನೇ. ಆದರೆ ಶಶಿರೇಖಳ ಮುಂದೆ ಅವಳ ತವರಿನ ಮೇಲೆ ದೂರು ಹೇಳುವ ಗಂಡಸು ದಾವಣಗೆರೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಅವನು ಪೆಟ್ಟಿಗೆಯ ವೈರು ಬಿಚ್ಚತೊಡಗಿದ.

ಗುಜರಿಯವನ ಗಾಡಿ ಬಂತು. ವಿರೂಪಾಕ್ಷ ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ಪೆಟ್ಟಿಗೆಯನ್ನು ಗಾಡಿಗೆ ಏರಿಸುತ್ತಿದ್ದ. ಬೀದಿಯ ಕಿಟಕಿಗಳೆಲ್ಲ ತೆರೆದವು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕೈತುಂಬ ವೈರು, ಹಾಗಾಗಿ ಸ್ಪೀಕರಿಗೆ ಹಾಕಿದ.

"ಏನ್ ಭಾವ, ಆಟ ತೆರೀತಾನೇ ಇಲ್ಲ? ನೀವು ನನಗೊಬ್ಬನಿಗೇ ನೇರ ದಾರಿ ಕೊಟ್ಟಿದ್ದನ್ನ ವಿಳಾಸದ ಸಮೇತ ಸ್ಟೇಟಸ್‌ಗೆ ಹಾಕಿದ್ದೆ. ನಮ್ಮೂರ ತಿಪ್ಪೇಶಿನೂ ನೋಡಿ ಕೈ ಮುಗಿದಿದ್ದ."

ಬೀದಿಗೆ ಬೀದಿಯೇ ಕೇಳಿಸಿಕೊಂಡಿತು. ಶಶಿರೇಖಳ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಫೋನು ಕಿತ್ತುಕೊಂಡು, "ಅಣ್ಣ, ಮೊದಲು ಆ ಸ್ಟೇಟಸ್ ತೆಗಿ," ಎಂದಷ್ಟೇ ಹೇಳಿ ಇಟ್ಟಳು.

ಪೆಟ್ಟಿಗೆ ಮರಳಿ ಫ್ರಿಜ್ಜಿನ ಮೇಲೇರಿತು. ಗುಜರಿಯವನು ಬರಿಗೈಯಲ್ಲಿ ಹೋಗಬಾರದಲ್ಲ, ಮದುವೆಯಲ್ಲಿ ಅಣ್ಣ ಉಡುಗೊರೆ ಕೊಟ್ಟಿದ್ದ, ಒಂದು ದಿನವೂ ನೆಟ್ಟಗೆ ತಿರುಗದ ಟೇಬಲ್ ಫ್ಯಾನನ್ನು ಅವಳೇ ತಂದು ಗಾಡಿಗೆ ಹಾಕಿದಳು. ವಿರೂಪಾಕ್ಷ ಮನೆಯ ವಿಳಾಸವನ್ನು ಮತ್ತೆ ಬದಲಾಯಿಸಿದ, ನೇರ ದಾರಿಯನ್ನು ಮುಚ್ಚಿದ. ಹೊಸ ವಿಳಾಸವನ್ನು ಹೆಂಡತಿ ಕೇಳಲಿಲ್ಲ, ಅವನು ಹೇಳಲಿಲ್ಲ.

ಪಂಚಮಿಗೆ ತಂಗಿಯನ್ನು ಕರೆಯಲು ಮಹಾರುದ್ರಪ್ಪ ಉಂಡೆಯ ಡಬ್ಬಿ ಹಿಡಿದು ಬಂದ. ರೂಢಿಯಂತೆ ಹಿತ್ತಿಲ ಬಾಗಿಲು ತಳ್ಳಿದ. ಚಿಲಕ ಹಾಕಿತ್ತು. ಒಳಗಿನಿಂದ ಶಶಿರೇಖಾ ಹೇಳಿದಳು:

"ಸುತ್ತಿಕೊಂಡು ಮುಂದಿನಿಂದ ಬಾ ಅಣ್ಣ. ಈ ಮನೆಗೆ ಈಗ ಒಂದೇ ದಾರಿ."

ಅವನು ಡಬ್ಬಿ ಹೊತ್ತು ಇಡೀ ಸಾಲುಮನೆಗಳನ್ನು ಸುತ್ತಿ ಬಂದ. ಕಿಟಕಿಗಳೆಲ್ಲ ಆಗಲೂ ತೆರೆದೇ ಇದ್ದವು.

ನೀತಿ: ಕಾವಲು ಇಟ್ಟ ಮೇಲೆ ಎಲ್ಲರಿಗೂ ಒಂದೇ ಬಾಗಿಲು ಇರಬೇಕು. ನೆಂಟನ ದಾಕ್ಷಿಣ್ಯಕ್ಕೆ ಇನ್ನೊಂದು ತೆರೆದರೆ, ನೆಂಟನಿಗಿಂತ ಮೊದಲು ಅದರಲ್ಲಿ ಹಗೆಯವನು ಬರುತ್ತಾನೆ.