ಹೊಳೆಯ ನಡುವಿನ ಬೈಗುಳ

"ಗುರುಗಳೇ, ನಾಲ್ಕು ಜನರೆದುರು ನಗೆಪಾಟಲಾದವನು ಊರಿಗೆ ಹಿರಿಯನಾಗಿರಬಹುದೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಎರಡು ರಾಜ್ಯಗಳ ಗಡಿಯಲ್ಲಿ ಒಂದು ಹೊಳೆ. ಈಚೆ ಒಂದು ಊರು, ಆಚೆ ಒಂದು ಊರು. ಎರಡೂ ಊರಿನವರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದಕ್ಕೇ ಹಳಬರು ಒಂದು ಕಟ್ಟಳೆ ಮಾಡಿದ್ದರು. ಜಗಳ ಬಂದಾಗ ಇಬ್ಬರು ಗೌಡರೂ ಮೊದಲು ಹೊಳೆಗಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ಬೈದಾಡಬೇಕು. ಅವರ ಬೈಗುಳ ಮುಗಿಯುವ ತನಕ ಯಾರೂ ಕೋಲು ಎತ್ತುವಂತಿಲ್ಲ.

ಈಚೆ ಊರಿಗೆ ಹೊಸ ಗೌಡ ಬಂದ. ನಾಲ್ಕಕ್ಷರ ಕಲಿತವನು, ಬಿಳಿ ಪಂಚೆಯವನು. ಬೈಯುವುದು ತನ್ನ ಬಾಯಿಗೆ ಶೋಭೆಯಲ್ಲ ಎಂದುಕೊಂಡಿದ್ದ.

ಆ ವರ್ಷ ಹೊಳೆ ದಾರಿ ಬದಲಿಸಿತು. ಈಚೆಯವರ ಮರಳುದಿಣ್ಣೆ ಆಚೆ ದಡಕ್ಕೆ ಸೇರಿತು. ಈಚೆಯವರು ಹಟಕ್ಕೆ ಅಲ್ಲಿಯೇ ಕಲ್ಲಂಗಡಿ ಬೆಳೆದರು. ಹಣ್ಣು ನಮ್ಮದು ಎಂದರು ಆಚೆಯವರು. ಇನ್ನೇನು, ಎರಡೂ ದಡದಲ್ಲಿ ಕೋಲುಗಳ ಕಾಡೇ ಎದ್ದಿತು.

ಗೌಡರಿಬ್ಬರೂ ನೀರಿಗಿಳಿದರು. ಹೊಸ ಗೌಡ ಕೈಮುಗಿದು, "ಹಿರಿಯರೇ, ಶಾಂತವಾಗಿ ಮಾತಾಡೋಣ" ಎಂದು ಸುಮ್ಮನಾದ.

ಬೈಗುಳ ಅಷ್ಟಕ್ಕೇ ಮುಗಿಯಿತೆಂದು ದಡದಲ್ಲಿ ಕೋಲುಗಳು ಮೇಲೆದ್ದವು. ಆಚೆಯ ಮುದಿ ಗೌಡ ನೀರು ತಳ್ಳಿಕೊಂಡು ಹತ್ತಿರ ಬಂದು ಪಿಸುಗುಟ್ಟಿದ: "ಬೈಯೋ ಮಾರಾಯಾ! ನೀನು ಬಾಯಿ ಮುಚ್ಚಿದರೆ ಇವತ್ತು ಹತ್ತು ಹೆಣ ಬೀಳ್ತವೆ."

ಹೊಸ ಗೌಡ ಮಾತಿಗೆ ತಡಕಾಡಿದ. ಕೊನೆಗೆ ಕೂಗಿದ: "ನೀನು... ನೀನೊಂದು ಉಪ್ಪಿಲ್ಲದ ಸಾರು!"

ಆಚೆ ದಡ ಘೊಳ್ಳೆಂದಿತು. ಈಚೆಯವರು ಹಣೆ ಚಚ್ಚಿಕೊಂಡರು. "ಗೌಡ್ರೇ, ಇದಕ್ಕೆ ನಮ್ಮ ಎಮ್ಮೆಗೂ ಸಿಟ್ಟು ಬರಲ್ಲ!"

"ಲೋ ಬಿಳಿ ಕೊಕ್ಕರೆ, ಮೀನು ಹಿಡಿಯೋಕೆ ಬಂದೆಯಾ?" ಎಂದ ಮುದುಕ.

ಈಗ ಈಚೆಯವರೂ ನಕ್ಕರು. ನಗುವ ರಭಸಕ್ಕೆ ಕೋಲುಗಳು ಕೆಳಗಿಳಿದದ್ದನ್ನು ಹೊಸ ಗೌಡ ಕಂಡ. ಅಲ್ಲಿಂದ ಬೇಕೆಂದೇ ಇನ್ನೂ ಕೆಟ್ಟದಾಗಿ ಬೈದ. ತೊದಲಿದ. ಬೈಗುಳ ಮರೆತಂತೆ ನಟಿಸಿದ. ಜಾರಿ ಪಂಚೆಸಮೇತ ನೀರಿಗೆ ಬಿದ್ದ. ಅವನ ಕಡೆಯವರು ದಡದಿಂದಲೇ ಬೈಗುಳ ಹೇಳಿಕೊಟ್ಟರು. ಆಚೆಯವರಿಗೆ ಅಯ್ಯೋ ಅನ್ನಿಸಿ, ಅವರೂ ಎರಡು ಹೇಳಿಕೊಟ್ಟರು.

ಬಿಸಿಲು ನೆತ್ತಿಗೇರಿತು. ಎಲ್ಲರ ಗಂಟಲೂ ಒಣಗಿತು. ಯಾರೋ ದಿಣ್ಣೆಯ ಒಂದು ಕಲ್ಲಂಗಡಿ ಒಡೆದರು. ಈಚೆಯವರೂ ಹೊಳೆ ದಾಟಿ ಬಂದರು. ಹೋಳು ಹಿಡಿಯಲು ಎರಡೂ ಕೈ ಬೇಕಲ್ಲ, ಕೋಲುಗಳು ಮರಳಿಗೆ ಬಿದ್ದವು. ಸಂಜೆಯೊಳಗೆ ದಿಣ್ಣೆಯ ಫಸಲು ಎರಡೂ ಊರಿನ ಹೊಟ್ಟೆಗೆ ಸಮನಾಗಿ ಸೇರಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೂ ಗುರುಗಳೇ, ಆಮೇಲೆ ಆ ಗೌಡನಿಗೆ ಮರ್ಯಾದೆ ಉಳಿಯಿತೇ?"

"ಹೀಗೆ ಕೇಳಿ ನಗಲು ಎರಡೂ ಊರಿನಲ್ಲಿ ಎಲ್ಲರೂ ಜೀವಸಹಿತ ಉಳಿದಿದ್ದರು" ಎಂದರು ಗುರುಗಳು.